ಜೋಜಿಲಾ ಘಾಟಿಯ ಮೇಲೆ ಟ್ಯಾಂಕುಗಳು

ಕೋಣಂದೂರಿನ ಕಡೆಯವರಿಗೆ ಘಾಟಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿಗೆ ಹೋಗಿ ಆಗುಂಬೆಯನ್ನು ಇಳಿದರೆ ಸೋಮೇಶ್ವರ. ಹೊಸನಗರದ ಆಚೆ ಹುಲಿಕಲ್ಲನ್ನು ಇಳಿದರೆ ಕುಂದಾಪುರದ ಸೀಮೆ. ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ಕಟ್ಟಿತೆಂದರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಅಂಥ ಒಂದು ಘಾಟಿಯನ್ನು ಹನ್ನೊಂದೂವರೆ ಸಾವಿರ ಅಡಿ ಎತ್ತರಕ್ಕೆ ಏರಿಸಿ, ಮಳೆಯ ಬದಲು ಹಿಮವನ್ನು ಸುರಿಸಿ, ಇಕ್ಕೆಲದ ಬಂಡೆಗಳ ಮರೆಯಲ್ಲಿ ಶತ್ರುವಿನ ಮೆಷಿನ್ ಗನ್ನುಗಳನ್ನು ಕೂರಿಸಿ ಊಹಿಸಿಕೊಳ್ಳಿ. ೧೯೪೮ರ ಶರತ್ಕಾಲದಲ್ಲಿ ಕಾಶ್ಮೀರದ ಜೋಜಿಲಾ ಕಣಿವೆ ಇದ್ದದ್ದು ಹಾಗೆ.

ಟ್ಯಾಂಕುಗಳ ಕಾಳಗ ಎಂದೊಡನೆ ೧೯೪೩ರಲ್ಲಿ ರಷ್ಯದ ಕುರ್‌ಸ್ಕ್ ಬಯಲಿನಲ್ಲಿ ಸಾವಿರಾರು ಟ್ಯಾಂಕುಗಳು ಹೋರಾಡಿದ್ದು, ೧೯೬೫ರಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನೀರು ನಿಂತ ಕಬ್ಬಿನ ಗದ್ದೆಗಳಲ್ಲಿ ಹೂತುಹೋದದ್ದು ನೆನಪಿಗೆ ಬರುತ್ತವೆ. ಜೋಜಿಲಾದಲ್ಲಿ ಟ್ಯಾಂಕು ಟ್ಯಾಂಕನ್ನು ಇದಿರಿಸಲಿಲ್ಲ. ಅಲ್ಲಿಗೆ ಹತ್ತಿದ ಟ್ಯಾಂಕುಗಳು ಕೆಲವೇ ಕೆಲವು. ಆದರೂ ಆ ಯುದ್ಧದ ಫಲದಲ್ಲಿ ಅವುಗಳ ಪಾಲು ಬಹಳ ದೊಡ್ಡದು. ಅದು ಹೇಗೆಂಬುದನ್ನು ನೋಡೋಣ.

೧೯೪೭ರ ಅಕ್ಟೋಬರಿನಲ್ಲಿ ದಾಳಿಕಾರರು ಕಾಶ್ಮೀರಕ್ಕೆ ನುಗ್ಗಿದರು. ಅಕ್ಟೋಬರ್ ೨೭ರಂದು ನಮ್ಮ ಸೇನೆ ವಿಮಾನಗಳಲ್ಲಿ ಶ್ರೀನಗರಕ್ಕೆ ಬಂದಿಳಿಯಿತು. ಶ್ರೀನಗರವೇನೋ ಉಳಿಯಿತು. ಆದರೆ ಮರುವರ್ಷದ ಬೇಸಗೆಯಲ್ಲಿ ಗಿಲ್ಗಿಟ್ಟಿನ ಕಡೆಯಿಂದ ಬಂದ ಪಡೆಗಳು ಕಾರ್ಗಿಲ್, ದ್ರಾಸ್, ಜೋಜಿಲಾಗಳನ್ನು ಹಿಡಿದುವು. ಶ್ರೀನಗರದಿಂದ ಲಡಾಖಿನ ಲೇಹ್ ನಗರಕ್ಕೆ ಹೋಗುವ ದಾರಿ ಇದೊಂದೇ. ಅದು ಮುಚ್ಚಿದ ಮೇಲೆ ಲೇಹ್‌ಗೆ ಮುಖ್ಯವಾಗಿ ಆಕಾಶವೇ ಗತಿಯಾಯಿತು. ಮೇ ೨೪ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ತಮ್ಮ ಡಕೋಟಾ ವಿಮಾನವನ್ನು ಅಲ್ಲಿಯ ಮರಳು ನೆಲದ ಮೇಲೆ ಇಳಿಸಿದರು. ಅವರೊಡನೆ ಆ ವಿಮಾನದಲ್ಲಿ ಕುಳಿತಿದ್ದವರು ನಮ್ಮ ಮಡಿಕೇರಿಯ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಕಾಶ್ಮೀರ ಕಣಿವೆಯ ಸೇನಾ ವಿಭಾಗದ ದಳಪತಿ ಅವರು. ಅವರ ಮೇಲಣ ಸೇನಾಧಿಕಾರಿಯೂ ಕೊಡಗಿನವರೇ, ಜನರಲ್ ಕಾರ್ಯಪ್ಪನವರು.

ವಿಮಾನದಿಂದ ಒಂದು ಕಾವಲುಪಡೆಯನ್ನು ಸಾಕಬಹುದು. ಒಂದು ಸೀಮೆಯನ್ನು ಕಾಪಾಡಲಾಗದು. ಚಳಿಗಾಲ ಬಲಿತರೆ ಆಗ ಜೋಜಿಲಾ ಹಿಮದಡಿಯಲ್ಲಿ ಹೂತು ತಿಂಗಳುಗಟ್ಟಲೆ ಮುಚ್ಚಿಕೊಳ್ಳುತ್ತಿತ್ತು. ಅಷ್ಟರೊಳಗೆ ದಾರಿ ತೆರೆಯದಿದ್ದರೆ ಮುಂದಿನ ವಸಂತದವರೆಗೆ ಕಾಯಬೇಕು. ಸೆಪ್ಟೆಂಬರಿನಲ್ಲಿ ಬ್ರಿಗೇಡಿಯರ್ ಅಟಲ್ ಅವರ ೭೭ನೆಯ ಪ್ಯಾರಾ ಬ್ರಿಗೇಡ್ ಕಣಿವೆಯನ್ನು ಏರಹೋಗಿ ಸೋತು ಹಿಂದಿರುಗಿತು. ಕಾರಣ ಸ್ಪಷ್ಟವಿತ್ತು. ಶತ್ರು ಬಂಡೆಯ ಪೊಟರೆಗಳಲ್ಲಿ ಅಡಗಿದ್ದ. ದೂರದ ಫಿರಂಗಿಯ ಗುಂಡು ಮೇಲಿನಿಂದ ಬೀಳುತ್ತದೆ. ಪೊಟರೆಯ ಬಾಯೊಳಗೆ ಹೋಗುವುದಿಲ್ಲ. ಕಾಲಾಳು ಹತ್ತಿರ ಹೋಗೋಣವೆಂದರೆ ಮೈಮೇಲೆ ಅಂಗಿಯ ಹೊರತು ಬೇರೆ ಕವಚವಿಲ್ಲ. ಪೊಟರೆಯ ಬಾಯಿಗೆ ನೇರವಾಗಿ ನಿಂತು ಗುಂಡು ಹಾಕಬಲ್ಲ, ಗುಂಡಿಗೆ ಜಗ್ಗದ ವಸ್ತು ಒಂದು ಬೇಕಾಗಿತ್ತು.

ಅದಕ್ಕಾಗಿ ೭ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ತರಿಸಿದರು. ನಾಲ್ವರು ಕೂರುವ, ಸುಮಾರು ೧೫ ಟನ್ ತೂಕದ, ೩೭ ಮಿಲಿಮೀಟರಿನ ತುಪಾಕಿಯ ಹಗುರ ಟ್ಯಾಂಕು ಅದು. ಬಯಲಿನ ಯುದ್ಧಕ್ಕೆ ಆಗಲೇ ಹಳತಾಗಿತ್ತು. ಇಲ್ಲಿ ಹಗುರವೇ ಗುಣವಾಯಿತು. ಆದರೂ ದಾರಿಯ ಸೇತುವೆಗಳು ಅಷ್ಟನ್ನೂ ತಾಳುವಂತಿರಲಿಲ್ಲ. ಟ್ಯಾಂಕಿನ ಮೇಲ್ಭಾಗದ ಗೋಪುರಗಳನ್ನು ಬಿಚ್ಚಿ, ಗುಟ್ಟಾಗಿ ಶ್ರೀನಗರವನ್ನು ದಾಟಿಸಿ, ಸೇತುವೆಗಳ ಮೇಲೆ ಎಳೆದು ದಾಟಿಸಿ, ಬೆಟ್ಟದ ಬುಡದ ಬಾಲ್ತಾಲಿಗೆ ಮುಟ್ಟಿಸಿದರು.

ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಕಾಲುದಾರಿ. ಅದನ್ನು ಅಗಲಿಸುವ ಕೆಲಸ ಮದ್ರಾಸ್ ಸ್ಯಾಪರ್ಸ್ ಪಡೆಯ ಎರಡು ತುಕಡಿಗಳಿಗೆ ಬಂತು. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಪಡೆ ಅದು. ಮೇಜರ್ ತಂಗರಾಜು ಅವರ ಮುಂದಾಳ್ತನದಲ್ಲಿ ಬಂಡೆ ಸಿಡಿಸಿ, ಕಲ್ಲು ಹೊತ್ತು, ಟ್ಯಾಂಕು ಹತ್ತುವಷ್ಟು ದಾರಿಯನ್ನು ಅವರು ಕಡಿದರು. ಉಸಿರಾಡುವ ಗಾಳಿಯೇ ತೆಳುವಾದ ಎತ್ತರದಲ್ಲಿ, ಶತ್ರುವಿನ ಕಣ್ಣೆದುರಿನಲ್ಲಿ ಗುದ್ದಲಿ ಹಿಡಿದವರ ಶ್ರಮವನ್ನು ಘಾಟಿ ರಸ್ತೆಯ ಕೆಲಸ ಬಲ್ಲ ನೀವು ಸುಲಭವಾಗಿ ಅಳೆಯಬಲ್ಲಿರಿ.

ನವೆಂಬರ್ ೧, ೧೯೪೮. ಹಿಮ ಬಿದ್ದಿತ್ತು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಕಣಿವೆಯನ್ನು ಏರಿದುವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಕುಳಿತಿದ್ದರು. ಇಷ್ಟು ಎತ್ತರದಲ್ಲಿ ಅದುವರೆಗೆ ಎಲ್ಲಿಯೂ ಟ್ಯಾಂಕುಗಳು ಕಾದಿರಲಿಲ್ಲ. ಶತ್ರು ಅವುಗಳನ್ನು ಕನಸಿನಲ್ಲಿಯೂ ನಿರೀಕ್ಷಿಸಿರಲಿಲ್ಲ. ಪೊಟರೆಗಳ ಬಾಯಿಗೆ ನೇರವಾಗಿ ಗುಂಡು ಬೀಳತೊಡಗಿದಾಗ ಅವರು ನೆಲೆ ಬಿಟ್ಟು ಹಿಂದೆಗೆದರು. ತಿಂಗಳುಗಟ್ಟಲೆ ಮುಚ್ಚಿದ್ದ ಕದ ಅಂದು ತೆರೆಯಿತು. ನಡು ನವೆಂಬರಿಗೆ ದ್ರಾಸ್ ಕೈಗೆ ಬಂತು. ನವೆಂಬರ್ ೨೪ರಂದು ಕಾರ್ಗಿಲ್‌ನಲ್ಲಿ ಈ ಪಡೆ, ಲೇಹ್‌ನಿಂದ ಮುಂದೊತ್ತಿ ಬಂದ ನಮ್ಮ ಪಡೆಯನ್ನು ಕೂಡಿಕೊಂಡಿತು.

ಈಗ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಕಣಿವೆ ತೆರೆದದ್ದು ನವೆಂಬರ್ ೧ಕ್ಕೆ. ಕದನವಿರಾಮ ಜಾರಿಗೆ ಬಂದದ್ದು ೧೯೪೯ರ ಜನವರಿ ೧ಕ್ಕೆ. ನಡುವೆ ಉಳಿದದ್ದು ಎರಡೇ ತಿಂಗಳು. ಕದನವಿರಾಮದ ಗೆರೆ, ಸೈನ್ಯಗಳು ನಿಂತ ಜಾಗವನ್ನೇ ಬಹುಮಟ್ಟಿಗೆ ಅನುಸರಿಸಿತು. ಆಗಸ್ಟಿನಲ್ಲಿ ಕಳೆದುಹೋಗಿದ್ದ ಸ್ಕರ್ದು ಹಿಂದಕ್ಕೆ ಬಾರದೆ ಗೆರೆಯ ಆಚೆಯೇ ಉಳಿಯಿತು; ದ್ರಾಸ್, ಕಾರ್ಗಿಲ್, ಲೇಹ್‌ನ ದಾರಿ ಈಚೆಗೆ ಉಳಿದುವು. ಸೆಪ್ಟೆಂಬರಿನ ಸೋಲಿಗೇ ನಮ್ಮವರು ಕೈಚೆಲ್ಲಿ ವಸಂತಕ್ಕಾಗಿ ಕಾದಿದ್ದರೆ, ವಸಂತ ಬರುವ ಮೊದಲೇ ಗೆರೆ ಬಿದ್ದುಹೋಗುತ್ತಿತ್ತು. ೧೯೯೯ರಲ್ಲಿ ಕಾರ್ಗಿಲ್ ಯುದ್ಧ ನಡೆದದ್ದೂ ಇದೇ ರಸ್ತೆಯನ್ನು ಕಾಣುವ ಬೆಟ್ಟಗಳ ಮೇಲೆ. ಆ ದಾರಿಯ ಬೆಲೆ ಐವತ್ತು ವರ್ಷವಾದರೂ ಇಳಿದಿರಲಿಲ್ಲ.

ಕಾರ್ಯಪ್ಪನವರು ೧೯೪೯ರ ಜನವರಿ ೧೫ರಂದು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ತಿಮ್ಮಯ್ಯನವರು ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, ೧೯೬೫ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ ಸೈಪ್ರಸ್ ದ್ವೀಪದಲ್ಲಿ ತೀರಿಕೊಂಡರು. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಆ ಕಡೆಗೆ ಹೋದಾಗ ಒಮ್ಮೆ ಒಳಗೆ ಹೋಗಿ ಬನ್ನಿ. ದಳಪತಿಯನ್ನು ನೆನೆಯುವಾಗ, ಅವರ ಟ್ಯಾಂಕಿಗಿಂತ ಮುಂಚೆ ಗುದ್ದಲಿ ಹಿಡಿದು ಆ ಘಾಟಿಯನ್ನು ಏರಿದ ಹೆಸರಿಲ್ಲದ ಮಂದಿಯನ್ನೂ ನೆನೆಯಿರಿ.