ಒಂದೇ ಕೋಣೆಯ ಮನೆಯಲ್ಲಿ ಮಂಚದ ಸ್ಥಾನ

ನಮ್ಮ ಚಿಕ್ಕನರಗುಂದದ ಹಳೆಯ ಮಾಳಿಗೆಯ ಮನೆಗಳಿಗೆ ಹಗಲು ಹೊತ್ತಿನಲ್ಲಿ ಬಂದ ಪರಸ್ಥಳದವರಿಗೆ, ಈ ಮನೆಯವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದು ಬೇಗನೆ ತಿಳಿಯುತ್ತಿರಲಿಲ್ಲ. ದಪ್ಪ ಮಣ್ಣಿನ ಗೋಡೆಗಳ ನಡುವೆ ಪಡಸಾಲೆಯು ಬರಿದಾಗಿಯೇ ಇರುತ್ತಿತ್ತು. ಅಲ್ಲಿಯೇ ಕಾಳು ಹಸನು ಮಾಡುವುದು, ಅಲ್ಲಿಯೇ ಬೀಗರೊಡನೆ ಮಾತುಕತೆ, ಅಲ್ಲಿಯೇ ಊಟದ ಪಂಕ್ತಿ. ರಾತ್ರಿಯಾಯಿತೆಂದರೆ ಮೂಲೆಯ ಹಾಸಿಗೆಯ ಸುರುಳಿಗಳು ಬಿಚ್ಚಿಕೊಳ್ಳುತ್ತಿದ್ದವು. ಗಾದಿ, ಕೌದಿಗಳು ಹರಡಿ ಅದೇ ಪಡಸಾಲೆಯು ಶಯನಗೃಹವಾಗುತ್ತಿತ್ತು. ವಯಸ್ಸಾದವರಿಗೆ ಮಾತ್ರ ಒಂದು ಹೊರಸು. ಅದೂ ಬೆಳಗಾಗುತ್ತಲೇ ಗೋಡೆಗೆ ಒರಗಿ ನಿಲ್ಲುತ್ತಿತ್ತು.

ಇಂಥ ಮನೆಯಲ್ಲಿ ಬೆಳೆದ ನನ್ನ ಸೋದರಳಿಯನು ಉದ್ಯೋಗದ ನಿಮಿತ್ತ ಬೆಂಗಳೂರು ಸೇರಿದನು. ಅಲ್ಲಿ ಅವನಿಗೆ ದೊರೆತದ್ದು 12 ಅಡಿ ಉದ್ದ, 10 ಅಡಿ ಅಗಲದ ಒಂದೇ ಕೋಣೆ. ‘ಸ್ಟುಡಿಯೋ ಅಪಾರ್ಟ್‌ಮೆಂಟ್’ ಎಂದು ಅದಕ್ಕೆ ಹೆಸರು. ಮೊದಲ ಸಂಬಳದಲ್ಲಿ ಅವನು ಆರಡಿ ಅಗಲ, ಆರೂವರೆ ಅಡಿ ಉದ್ದದ ಭರ್ಜರಿ ಮಂಚವೊಂದನ್ನು ಕೊಂಡನು. ನಾಳೆ ಮದುವೆಯಾದರೆ ಬೇಕಾಗುವುದಲ್ಲವೇ ಎಂಬ ದೂರದೃಷ್ಟಿ ಅವನದು. 120 ಚದರಡಿಯ ಕೋಣೆಯಲ್ಲಿ ಮಂಚವೇ 39 ಚದರಡಿಯನ್ನು ಆಕ್ರಮಿಸಿತು. ಕಪಾಟು, ಮೇಜು, ಅಡಿಗೆಕಟ್ಟೆಗಳ ನಡುವೆ ನಡೆದಾಡಲು ಒಂದು ಸಣ್ಣ ಓಣಿ ಉಳಿಯಿತು.

ಮಗನ ಸಂಸಾರವನ್ನು ನೋಡಲು ನಮ್ಮ ಅಕ್ಕ ಹೋದಳು. ಮಗನು ತಾಯಿಗೆ ಮಂಚವನ್ನು ಬಿಟ್ಟುಕೊಟ್ಟು, ತಾನು ಅಡಿಗೆಕಟ್ಟೆಯ ಬುಡದಲ್ಲಿ ಮೈ ಮುದುಡಿ ಮಲಗಿದನು. ಮಂಚವೋ ಎತ್ತರ, ಗಾದಿಯೋ ಮೆತ್ತಗೆ. ಮೊಣಕಾಲು ನೋವಿನ ಅಕ್ಕನಿಗೆ ಏರುವುದೂ ಕಷ್ಟ, ಇಳಿಯುವುದೂ ಕಷ್ಟ. ತಿಂಗಳಿರಲು ಹೋದವಳು ಮೂರನೆಯ ದಿನವೇ ಊರಿಗೆ ಮರಳಿದಳು. ಕೇಳಿದರೆ, “ಮನ್ಯಾಗ ಮಂಚ ಇರೂದು ನೋಡೇನಿ ತಮ್ಮಾ, ಅಲ್ಲಿ ಮಂಚದಾಗ ಮನಿ ಐತಿ” ಎಂದಳು. ಅವಳು ನಗುತ್ತಲೇ ಹೇಳಿದಳು. ಆದರೆ ಮತ್ತೆ ಹೋಗುವ ಮಾತೆತ್ತಲಿಲ್ಲ. ತಾಯಿಯು ಬಂದು ಇರಲಾರದ ಮನೆಯು ಮಗನಿಗೂ ಮನೆಯೆನಿಸಲಿಲ್ಲ.

ಒಂದೇ ಕೋಣೆಯಲ್ಲಿ ಬಾಳುವುದು ಮನುಷ್ಯನಿಗೆ ಹೊಸತೇನೂ ಅಲ್ಲ. ಜಪಾನಿನ ಕವಿ ಕಾಮೋ ನೊ ಚೋಮೇ 1212ರಲ್ಲಿ ಬರೆದ ‘ಹೋಜೋಕಿ’ಯಲ್ಲಿ ತನ್ನ ಹತ್ತಡಿ ಚೌಕದ ಗುಡಿಸಲನ್ನು ವರ್ಣಿಸಿದ್ದಾನೆ. ಒಂದು ಕಡೆಗೆ ಬುದ್ಧನ ಚಿತ್ರ, ಒಂದು ಕಡೆಗೆ ಜರೀಗಿಡದ ಹಾಸಿಗೆ, ಮೇಲೆ ತೂಗುಹಲಗೆಯಲ್ಲಿ ಕಾವ್ಯ ಸಂಗೀತದ ಪುಸ್ತಕಗಳು. ಅವನ ತಂತಿವಾದ್ಯಗಳು ಸಹ ಮಡಚಿಡುವಂಥವು, ಕಳಚಿ ಜೋಡಿಸುವಂಥವು. ಚಂಡೀಗಢವನ್ನು ಯೋಜಿಸಿದ ಲ ಕಾರ್ಬೂಸಿಯೆ 1952ರಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ತನಗಾಗಿ ಕಟ್ಟಿಕೊಂಡ ಕುಟೀರವೂ ಸುಮಾರು 12 ಅಡಿ ಚೌಕದ ಒಂದೇ ಕೋಣೆ. ಇಬ್ಬರೂ ಮೊದಲು ನೆಲದ ಲೆಕ್ಕ ಹಾಕಿದರು. ಸಾಮಾನು ಆಮೇಲೆ ಬಂದಿತು. ನಮ್ಮ ಪಡಸಾಲೆಯ ನೀತಿಯೂ ಇದೇ.

ಈ ಲೆಕ್ಕವು ಕಠಿಣವಾದುದೇನೂ ಅಲ್ಲ. ಒಂದು ಅಡಿಗೆ ಒಂದು ಅಂಗುಲದಂತೆ ಕಾಗದದ ಮೇಲೆ ಕೋಣೆಯ ನಕ್ಷೆಯನ್ನು ಬರೆಯಬೇಕು. ಬಾಗಿಲು, ಕಿಟಕಿ, ಅಡಿಗೆಕಟ್ಟೆಗಳನ್ನು ಮೊದಲು ಗುರುತಿಸಬೇಕು, ಇವು ಸರಿಯುವಂಥವಲ್ಲ. ಬಾಗಿಲು ತೆರೆಯುವಾಗ ಎಲ್ಲಿಯವರೆಗೆ ಬರುವುದೆಂಬುದನ್ನೂ ಮರೆಯಬಾರದು. ಹೊರಬಾಗಿಲಿನಿಂದ ಬಚ್ಚಲಿಗೂ ಅಡಿಗೆಕಟ್ಟೆಗೂ ಎರಡಡಿಗೆ ಕಡಿಮೆಯಿಲ್ಲದ ದಾರಿ ಬಿಡಬೇಕು. ಮಂಚ, ಮೇಜು, ಕಪಾಟುಗಳನ್ನು ಅದೇ ಅಳತೆಯಲ್ಲಿ ಕಾಗದದಿಂದ ಕತ್ತರಿಸಿ ನಕ್ಷೆಯ ಮೇಲೆ ಸರಿಸಿ ನೋಡಬೇಕು. ಕಾಗದದ ಮಂಚವನ್ನು ಸರಿಸಲು ಹಮಾಲರು ಬೇಕಿಲ್ಲ!

ಎತ್ತರದ ಕಪಾಟು ಬಾಗಿಲಿನ ಪಕ್ಕದ ಗೋಡೆಗೆ, ತಗ್ಗಿನ ವಸ್ತುಗಳು ಕಿಟಕಿಯ ಕಡೆಗೆ ಇದ್ದರೆ ಬೆಳಕು ಕೋಣೆಯ ತುದಿಯವರೆಗೆ ಬರುತ್ತದೆ. ಹಳೆಯ ಮನೆಗಳ ಗೋಡೆಯಲ್ಲಿ ಗೂಡುಗಳಿದ್ದಂತೆ ಇಲ್ಲಿ ಗೋಡೆಯ ಹಲಗೆಗಳು. ಮೇಜು ಗೋಡೆಗೆ ಮಡಚುವಂಥದಾದರೆ ಇನ್ನೂ ಲೇಸು. ಮಂಚದ ಉದ್ದಬದಿಯು ಒಲೆಯಿಂದ ದೂರದ ಗೋಡೆಗೆ ಹೊಂದಿಕೊಂಡಿರಲಿ. ಮಳೆಗಾಲದಲ್ಲಿ ತೇವವೇರುವ ಗೋಡೆಯಾದರೆ ನಾಲ್ಕು ಅಂಗುಲ ಬಿಟ್ಟಿರಲಿ.

ಇನ್ನು ಮಂಚದ ಆಯ್ಕೆ. ಉದ್ದವು ಮಲಗುವವರ ಎತ್ತರಕ್ಕಿಂತ ಅರ್ಧ ಅಡಿ ಹೆಚ್ಚಿರಬೇಕು. ಗಾದಿಯನ್ನು ಸೇರಿಸಿ ನೆಲದಿಂದ ಸುಮಾರು 18 ಅಂಗುಲ ಎತ್ತರವಿದ್ದರೆ ಕುಳಿತವರ ಪಾದಗಳು ನೆಲಕ್ಕೆ ಊರುತ್ತವೆ, ಏಳುವಾಗ ಮೊಣಕಾಲಿಗೆ ಭಾರ ಬೀಳುವುದಿಲ್ಲ. ಅಂಗಡಿಯಲ್ಲಿ ಬರಿಯ ಮಂಚವನ್ನು ಅಳೆದು ಬಂದವರು ಇಲ್ಲಿಯೇ ಮೋಸಹೋಗುತ್ತಾರೆ. ಬೆನ್ನಿಗೆ ಗಡಸು ಹಾಸಿಗೆಯೇ ಮೇಲೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ದೀರ್ಘಕಾಲದ ಸೊಂಟನೋವಿದ್ದ 313 ಜನರನ್ನು ಪರೀಕ್ಷಿಸಿದ ಸ್ಪೇನಿನ ವೈದ್ಯರು, ಅತಿ ಗಡಸಿನದಕ್ಕಿಂತ ಮಧ್ಯಮ ಗಡಸಿನ ಗಾದಿಯೇ ಹೆಚ್ಚು ಹಿತವೆಂದು 2003ರಲ್ಲಿ ಪ್ರಕಟಿಸಿದರು. ನಮ್ಮ ಅರಳೆಯ ಗಾದಿಯೂ ಒಳ್ಳೆಯದೇ. ಆದರೆ ಅದನ್ನು ಆಗಾಗ ಬಿಸಿಲಿಗೆ ಹಾಕಬೇಕು, ಗಂಟುಗಟ್ಟಿದಾಗ ಹಿಂಜಿಸಬೇಕು.

ಸೋದರಳಿಯನು ದೊಡ್ಡ ಮಂಚವನ್ನು ನಷ್ಟಕ್ಕೆ ಮಾರಿ, ಮೂರಡಿ ಅಗಲ, ಆರಡಿ ಉದ್ದದ ಮಂಚವನ್ನು ಮಾಡಿಸಿದನು. ಅದಕ್ಕೆ ಹಿಡಿದದ್ದು 18 ಚದರಡಿ. ಬಿಡುಗಡೆಯಾದ ನೆಲ 21 ಚದರಡಿ. ಹಗಲು ಅದು ಬಂದವರು ಕೂಡ್ರುವ ಪೀಠ. ಅದರ ಕೆಳಗೆ ಟ್ರಂಕು, ಒಂದು ಸುರುಳಿ ಗಾದಿ, ನೆರೆಯ ನವಲಗುಂದದಲ್ಲಿ ನೇಯ್ದ ಜಮಖಾನ. ಮದುವೆಯಾದಾಗ ಮಂಚದ ವಿಚಾರವನ್ನು ಮತ್ತೆ ಮಾಡೋಣವೆಂದು ನಾವಿಬ್ಬರೂ ಒಪ್ಪಿದೆವು.

ಕಳೆದ ಚಳಿಗಾಲದಲ್ಲಿ ಅಕ್ಕ ಅಲ್ಲಿ ಪೂರ್ತಿ ಒಂದು ತಿಂಗಳಿದ್ದು ಬಂದಳು. ರಾತ್ರಿ ಅವಳಿಗೆ ಮಂಚ, ಮಗನಿಗೆ ನೆಲದ ಗಾದಿ. ಬೆಳಗಿನಲ್ಲಿ ಅವನು ಗಾದಿಯನ್ನು ಸುತ್ತಿಟ್ಟು ಕೆಲಸಕ್ಕೆ ಹೊರಟ ಮೇಲೆ, ಅವಳು ಮಂಚದ ಮೇಲೆ ಕಾಲಿಳಿಬಿಟ್ಟು ಕುಳಿತು, ಪಕ್ಕದ ಮನೆಯಾಕೆಯನ್ನು ಕರೆದು ಜಮಖಾನದ ಮೇಲೆ ಕೂಡ್ರಿಸಿ, ಮಾತನಾಡುತ್ತ ಸೊಪ್ಪು ಸೋಸುತ್ತಿದ್ದಳಂತೆ.