ಯೂಟ್ಯೂಬ್‌ನ ಬಾಸ್ ಬೇರೆ, ನಮ್ಮ ಅಳಿವೆಯ ಕುರುಡಿ ಬೇರೆ: ಗಾಳಕ್ಕೂ ದೋಣಿಗೂ ಹೊಸಬರಾದವರಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಭಾನುವಾರ ಬೆಳಿಗ್ಗೆ ಕೂಳೂರು ಸೇತುವೆ ಹತ್ತಿರ, ತಣ್ಣೀರುಬಾವಿ ಕಡೆ, ಉಳ್ಳಾಲದ ಕೋಟೆಪುರದಲ್ಲಿ ಒಂದು ಸುತ್ತು ಹಾಕಿ ನೋಡಿ. ಮೊದಲು ವಯಸ್ಸಾದವರು ಮಾತ್ರ ಗಾಳ ಹಿಡಿದು ಕೂರ್ತಿದ್ದ ಜಾಗದಲ್ಲಿ ಈಗ ಕಾಲೇಜು ಹುಡುಗರು, ಐಟಿ ಕೆಲಸದವರು ಉದ್ದದ ರಾಡ್ ಹಿಡಿದು ನಿಂತಿರ್ತಾರೆ. ಕೆಲವರು ಕಯಾಕ್ ತಗೊಂಡಿದ್ದಾರೆ, ಇನ್ನು ಕೆಲವರು ನಾಲ್ಕು ಜನ ಸೇರಿ ಸಣ್ಣ ಫೈಬರ್ ದೋಣಿ ಕೊಳ್ಳೋ ಲೆಕ್ಕಾಚಾರದಲ್ಲಿದ್ದಾರೆ. ಒಳ್ಳೆಯ ಹವ್ಯಾಸವೇ. ಆದರೆ ಇವರಲ್ಲಿ ತುಂಬಾ ಜನರ ಗುರು ಯೂಟ್ಯೂಬ್. ಅಲ್ಲಿ ಸಿಗೋ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದ ಕೆರೆಗಳಲ್ಲಿ ಬಾಸ್ ಹಿಡಿಯೋದರ ಬಗ್ಗೆ. ಆ ಪಾಠವನ್ನು ಹಾಗೇ ತಂದು ನೇತ್ರಾವತಿಗೆ ಇಳಿಸಿದರೆ ಮೀನೂ ಸಿಗಲ್ಲ, ಕೆಲವೊಮ್ಮೆ ಜೀವಕ್ಕೂ ಅಪಾಯ. ಯಾಕೆ ಅಂತ ಇವತ್ತು ನೋಡೋಣ.

ಮೊದಲು ಮೀನಿನ ವಿಷಯ

ಅಮೆರಿಕದವರು ಹೇಳೋ ಲಾರ್ಜ್‌ಮೌತ್ ಬಾಸ್ ಸಿಹಿನೀರಿನ ಮೀನು. ಅದು ನಮ್ಮಲ್ಲಿಲ್ಲ. ನಮ್ಮಲ್ಲಿರೋದು ಏಷ್ಯನ್ ಸೀ ಬಾಸ್. ಕರಾವಳಿ ಕನ್ನಡದಲ್ಲಿ ಕುರುಡಿ, ಕೇರಳದಲ್ಲಿ ಕಾಳಾಂಜಿ, ಗೋವಾದಲ್ಲಿ ಚೋಣಕ್, ಬಂಗಾಳದಲ್ಲಿ ಭೇಟ್ಕಿ, ಆಸ್ಟ್ರೇಲಿಯಾದಲ್ಲಿ ಬಾರಾಮುಂಡಿ. ಎಲ್ಲ ಒಂದೇ ಮೀನು. ಹೆಸರಲ್ಲಿ ಬಾಸ್ ಅಂತ ಇದ್ದರೂ ಅಮೆರಿಕದ ಬಾಸ್‌ಗೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ, ಕುಟುಂಬವೇ ಬೇರೆ.

ಕುರುಡಿ ಉಪ್ಪುನೀರು, ಸಿಹಿನೀರು ಎರಡರಲ್ಲೂ ಬದುಕುತ್ತೆ. ಮೊಟ್ಟೆ ಇಡೋದು ಅಳಿವೆ ಬಾಗಿಲಿನ ಉಪ್ಪುನೀರಲ್ಲಿ, ಮರಿಗಳು ಬೆಳೆಯೋದು ಕಾಂಡ್ಲಾ ಬೇರುಗಳ ನಡುವೆ, ನದಿಯ ಒಳಭಾಗದಲ್ಲಿ. ಇನ್ನೊಂದು ವಿಶೇಷ ಉಂಟು: ಇದು ಸಾಮಾನ್ಯವಾಗಿ ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗಿ ಬದಲಾಗುತ್ತೆ. ಅಂದರೆ ನಿಮ್ಮ ಗಾಳಕ್ಕೆ ಸಿಕ್ಕ ಭಾರೀ ಮೀನು ಬಹುತೇಕ ಮೊಟ್ಟೆ ಇಡೋ ತಾಯಿ. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತೆ.

ಇದು ಹೊಂಚು ಹಾಕಿ ಹಿಡಿಯೋ ಮೀನು. ಸೇತುವೆ ಕಂಬದ ನೆರಳು, ಬಂಡೆ ಸಂದು, ಕಾಂಡ್ಲಾ ಬುಡ, ಸಣ್ಣ ತೋಡು ಹೊಳೆಗೆ ಸೇರೋ ಬಾಯಿ, ಇಲ್ಲೆಲ್ಲ ಅಡಗಿ ಕೂತಿರುತ್ತೆ. ನೀರು ಇಳಿಯುವಾಗ ತೋಡಿನ ಒಳಗಿದ್ದ ಸಿಗಡಿ, ಸಣ್ಣ ಮೀನು ಎಲ್ಲ ಹೊರಗೆ ಬರಲೇಬೇಕು. ಕುರುಡಿ ಕಾಯೋದು ಅದಕ್ಕೇ. ಬೆಳಗಿನ ಜಾವ, ಸಂಜೆಗತ್ತಲು ಇದರ ಊಟದ ಹೊತ್ತು.

ರಾಡ್, ರೀಲ್, ದಾರ

ಈಗ ಸಲಕರಣೆ. ಹೊಸಬರು ದುಡ್ಡು ಸುರಿಯೋದು ರಾಡ್‌ಗೆ. ಮೀನು ತಪ್ಪಿಹೋಗೋದು ದಾರದಲ್ಲಿ, ಗಂಟಲ್ಲಿ. ಹಾಗಾಗಿ ಖರ್ಚಿನ ಕ್ರಮ ಹೀಗಿರಲಿ: ಮೊದಲು ಲೈಫ್ ಜಾಕೆಟ್, ಆಮೇಲೆ ಒಳ್ಳೆ ದಾರ ಮತ್ತು ಗಾಳ, ಆಮೇಲೆ ರೀಲ್, ಕೊನೆಗೆ ರಾಡ್.

ರಾಡ್ ದೋಣಿಯಲ್ಲಿ ಕೂತು ಹಾಕೋದಾದರೆ 7 ಅಡಿ ಸಾಕು. ದಡ, ಬ್ರೇಕ್‌ವಾಟರ್ ಕಲ್ಲುಗಳ ಮೇಲಿಂದಾದರೆ 8ರಿಂದ 9 ಅಡಿ. ಮೀಡಿಯಂ ಹೆವಿ ಅನ್ನೋ ಗಡಸು ತಗೊಳ್ಳಿ. ಯಾಕಂದ್ರೆ ಗಾಳಕ್ಕೆ ಸಿಕ್ಕ ಕುರುಡಿ ಮೊದಲ ಕೆಲವು ಸೆಕೆಂಡಲ್ಲೇ ಕಂಬದ ಸುತ್ತ, ಬೇರಿನ ಒಳಗೆ ನುಗ್ಗುತ್ತೆ. ಬಳುಕೋ ರಾಡ್‌ನಲ್ಲಿ ಅದನ್ನು ತಡೆಯೋಕೆ ಆಗಲ್ಲ.

ರೀಲ್: 3000 ಅಥವಾ 4000 ಸೈಜಿನ ಸ್ಪಿನ್ನಿಂಗ್ ರೀಲ್. ವಿಡಿಯೋದಲ್ಲಿ ಕಾಣೋ ಬೇಟ್‌ಕಾಸ್ಟರ್ ಚೆಂದವೇ, ಆದರೆ ಕಲಿಯೋವರೆಗೆ ದಾರ ಹಕ್ಕಿಗೂಡು ಆಗ್ತಾ ಇರುತ್ತೆ. ಸಮುದ್ರದ ಎದುರುಗಾಳಿಗಂತೂ ಬೇಡವೇ ಬೇಡ.

ದಾರ: 20 ಪೌಂಡ್‌ನ ಬ್ರೇಡ್, ಅದರ ತುದಿಗೆ ಸುಮಾರು ಒಂದು ಮೀಟರ್ 40 ಪೌಂಡ್‌ನ ಲೀಡರ್. ಕೆರೆಯ ಬಾಸ್‌ಗೆ ಲೀಡರ್ ಇಲ್ಲದೇ ನಡೆಯಬಹುದು, ಇಲ್ಲಿ ನಡೆಯಲ್ಲ. ಕುರುಡಿಯ ಬಾಯಿ ಮರಳು ಕಾಗದದ ಹಾಗೆ ಒರಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡ್. ಮೀನು ತಲೆ ಕೊಡವಿದರೆ ಬರೀ ಬ್ರೇಡ್ ಕಚಕ್ ಅಂತ ತುಂಡು. ಅದೇ ಕಾರಣಕ್ಕೆ ಕಿವಿರಿನ ಹತ್ತಿರ ಬೆರಳು ಹಾಕಬೇಡಿ, ಲಿಪ್ ಗ್ರಿಪ್ ಬಳಸಿ.

ರೀಲ್‌ನ ಡ್ರ್ಯಾಗ್ ಎಷ್ಟು ಬಿಗಿ ಇರಬೇಕು? ದಾರದ ಶಕ್ತಿಯ ಕಾಲು ಭಾಗ. 20 ಪೌಂಡ್ ಅಂದರೆ ಸುಮಾರು 9 ಕಿಲೋ, ಅದರ ಕಾಲು ಭಾಗ ಎರಡೂಕಾಲು ಕಿಲೋ. ವಿಮಾನ ಹತ್ತೋ ಮೊದಲು ಸೂಟ್‌ಕೇಸ್ ತೂಗೋ ಕೈ ತಕ್ಕಡಿ ಮನೆಯಲ್ಲಿದ್ದರೆ ದಾರದ ತುದಿಗೆ ಸಿಕ್ಕಿಸಿ ಎಳೆಯಿರಿ. ಎರಡೂಕಾಲು ಕಿಲೋ ತೋರಿಸುವಾಗ ದಾರ ಜಾರೋಕೆ ಶುರುವಾಗಬೇಕು. ಅಂದಾಜಿಗೆ ತಿರುಗಿಸೋದಕ್ಕಿಂತ ಇದು ಮೇಲು.

ಗಾಳಕ್ಕೆ ಏನು? ಆರಂಭಕ್ಕೆ ಎರಡು ಸಾಕು. ಒಂದು, 4 ಇಂಚಿನ ಬಾಲ ಆಡಿಸೋ ರಬ್ಬರ್ ಮೀನು. ಇನ್ನೊಂದು, ಒಂದೆರಡು ಅಡಿ ಮಾತ್ರ ಮುಳುಗೋ ಮಿನೋ. ಅದೂ ಬೇಡ ಅಂದ್ರೆ ಹಸಿ ಸಿಗಡಿ. ತೆಳು ದಾರ, ಸಣ್ಣ ಗಾಳ, ಸಿಗಡಿ ಚೂರು ಇದ್ದರೆ ಮರಳು ದಡದಲ್ಲಿ ಕಾಣೆ ಮೀನಿಗೂ ಪ್ರಯತ್ನಿಸಬಹುದು, ಕೈ ಪಳಗೋದಕ್ಕೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ. ಗಾಳದ ತುದಿಯ ಹಿಂದಿರೋ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿಂದ ಸುಲಭವಾಗಿ ಬಿಡುತ್ತೆ, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬಿಡುತ್ತೆ.

ಆಗಾಗ ತೇಡೆ ಸಿಗುತ್ತೆ. ಬರಿಗೈಲಿ ಹಿಡಿಯಬೇಡಿ, ಬೆನ್ನಿನದ್ದೂ ಪಕ್ಕದ್ದೂ ಮುಳ್ಳು ವಿಷ. ಚುಚ್ಚಿದರೆ ಸಹಿಸೋವಷ್ಟು ಬಿಸಿ ನೀರಲ್ಲಿ ಕೈ ಮುಳುಗಿಸಿ ಇಟ್ಟರೆ ನೋವು ಕಡಿಮೆಯಾಗುತ್ತೆ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ.

ಮನೆಗೆ ಬಂದ ಮೇಲೆ ರಾಡ್, ರೀಲ್, ಗಾಳ ಎಲ್ಲದಕ್ಕೂ ಸಿಹಿನೀರಿನ ಮೆಲ್ಲನೆಯ ಸ್ನಾನ. ಪೈಪ್‌ನಿಂದ ಜೋರಾಗಿ ಹೊಡೆದರೆ ಉಪ್ಪು ರೀಲ್‌ನ ಒಳಗೇ ಹೋಗುತ್ತೆ.

ನೀರಿನ ಗಡಿಯಾರ

ಕೆರೆಯ ವಿಡಿಯೋದಲ್ಲಿ ಯಾರೂ ಹೇಳದ ಪಾಠ ಇದು: ಉಬ್ಬರ ಮತ್ತು ಇಳಿತ. ಮಂಗಳೂರಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತೆ, ಎರಡು ಬಾರಿ ಇಳಿಯುತ್ತೆ. ಒಂದೊಂದಕ್ಕೂ ಸುಮಾರು 6 ಗಂಟೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಇವತ್ತು ಬೆಳಿಗ್ಗೆ 6ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಹೆಚ್ಚುಕಡಿಮೆ 6.50ಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಏರಿಳಿತ ಜಾಸ್ತಿ, ಸೆಳೆತ ಜೋರು. ಅಷ್ಟಮಿ ಆಸುಪಾಸಿನಲ್ಲಿ ಮೆತ್ತಗೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರೂ ಇಷ್ಟು ಗೊತ್ತಾಗುತ್ತೆ.

ಎತ್ತರದ ಲೆಕ್ಕದಲ್ಲಿ ಇದು ದೊಡ್ಡದಲ್ಲ, ಸಾಮಾನ್ಯವಾಗಿ ಒಂದೂವರೆ ಮೀಟರ್ ಒಳಗೆ. ಆದರೆ ನೇತ್ರಾವತಿ ಮತ್ತು ಗುರುಪುರ ಅಂದರೆ ಫಲ್ಗುಣಿ, ಎರಡೂ ನದಿಗಳ ನೀರು ಬೆಂಗ್ರೆ ಹತ್ತಿರ ಒಂದೇ ಅಳಿವೆ ಬಾಗಿಲಿಂದ ಹೊರಗೆ ಹೋಗಬೇಕು. ಇಳಿತದ ಹೊತ್ತಿಗೆ ಆ ಇಕ್ಕಟ್ಟಿನಲ್ಲಿ ನೀರು ಹೊರಕ್ಕೆ ನುಗ್ಗುತ್ತೆ, ಸಮುದ್ರದ ಅಲೆ ಒಳಕ್ಕೆ ಬರುತ್ತೆ. ಎರಡೂ ಎದುರುಬದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತೆ. ಅದರ ಮೇಲೆ ಮಧ್ಯಾಹ್ನದ ಕಡಲಗಾಳಿ ಸೇರಿದರೆ ಕೇಳೋದೇ ಬೇಡ. ಅಳಿವೆ ಬಾಗಿಲಲ್ಲಿ ದೊಡ್ಡ ಬೋಟುಗಳೇ ಹುಷಾರಾಗಿ ದಾಟ್ತವೆ. ಅಂಥಲ್ಲಿ ಕಯಾಕ್ ಎಂತದ್ದು ಮಾರಾಯ್ರೆ?

ಈಗ ಒಂದು ಪೇಚು. ಕುರುಡಿ ಚೆನ್ನಾಗಿ ಕಚ್ಚೋದು ಇಳಿತದಲ್ಲಿ. ದೋಣಿಗೆ ಅಪಾಯ ಇರೋದೂ ಇಳಿತದಲ್ಲೇ, ಯಾಕಂದ್ರೆ ಎಂಜಿನ್ ನಿಂತರೆ ಅಥವಾ ಹುಟ್ಟು ಮುರಿದರೆ ನೀರು ನಿಮ್ಮನ್ನು ಸಮುದ್ರಕ್ಕೆ ಒಯ್ಯುತ್ತೆ. ಏರುವ ನೀರಾದರೆ ನದಿಯ ಒಳಕ್ಕೆ, ಮನೆ ಕಡೆಗೆ ತಳ್ಳುತ್ತೆ. ಹೊಸಬರಿಗೆ ಇದಕ್ಕೆ ಸರಳ ಉತ್ತರ: ನೀರು ಇಳಿಯುವಾಗ ದಡದಿಂದ ಗಾಳ, ನೀರು ಏರುವಾಗ ಮಾತ್ರ ದೋಣಿ. ಮೊದಲ ವರ್ಷ ಇಷ್ಟೇ ನಿಯಮ ಪಾಲಿಸಿದರೂ ಸಾಕು.

ಇನ್ನೊಂದು ಸೂಕ್ಷ್ಮ. ಫೋನಲ್ಲಿ ತೋರಿಸೋ ಸಮಯ ಬಂದರಿನದ್ದು. ನದಿಯ ಒಳಗೆ ಹೋದಷ್ಟೂ ತಡ. ಬಂದರಲ್ಲಿ ನೀರು ಏರೋಕೆ ಶುರುವಾದ ಮೇಲೂ ಒಳಗಿನ ಹೊಳೆ ಸ್ವಲ್ಪ ಹೊತ್ತು ಹೊರಗೇ ಹರೀತಿರುತ್ತೆ. ಒಂದು ತೆಂಗಿನ ಸಿಪ್ಪೆ ನೀರಿಗೆ ಬಿಟ್ಟು ಯಾವ ಕಡೆ ಹೋಗುತ್ತೆ ನೋಡಿ, ಆಮೇಲೆ ಇಳಿಯಿರಿ.

ಯಾವ ದೋಣಿ, ಹೇಗೆ?

ಕಯಾಕ್ ತಗೊಳ್ಳೋರಿಗೆ: ಮೇಲೆ ಕೂರೋ ಮಾದರಿ, ಅಗಲ ಇರೋದು ತಗೊಳ್ಳಿ. ನೀರು ಬಿದ್ದರೂ ತಾನಾಗಿ ಹೊರಗೆ ಹೋಗುತ್ತೆ. ಸೊಂಟದಷ್ಟು ನೀರಲ್ಲಿ ಬೇಕಂತಲೇ ಮಗುಚಿ, ಮತ್ತೆ ಹತ್ತೋದನ್ನು ಹತ್ತು ಸಲ ಅಭ್ಯಾಸ ಮಾಡಿ. ಅದು ಬರದಿದ್ದರೆ ಆಳಕ್ಕೆ ಹೋಗೋ ಯೋಗ್ಯತೆ ಇನ್ನೂ ಬಂದಿಲ್ಲ ಅಂತಲೇ ಅರ್ಥ.

ಸಣ್ಣ ಫೈಬರ್ ದೋಣಿಯಾದರೆ ಎಂಜಿನ್ ಎಷ್ಟು ಎಚ್‌ಪಿ ಅನ್ನೋದಕ್ಕಿಂತ ಮೊದಲು ಎಷ್ಟು ಜನ ಅಂತ ಕೇಳಿ. ಎಲ್ಲರೂ ಕೂತ ಮೇಲೂ ದೋಣಿಯ ಅಂಚು ನೀರಿಂದ ಕನಿಷ್ಠ ಒಂದು ಅಡಿ ಮೇಲಿರಬೇಕು. ಮೀನು ಸಿಕ್ಕಿದ ಖುಷಿಗೆ ಎಲ್ಲರೂ ಒಂದೇ ಕಡೆ ಎದ್ದು ಬಂದರೆ ದೋಣಿ ಮಗುಚುತ್ತೆ. ಹಾಗಾಗಿ ಒಬ್ಬರು ಮೀನು ಎಳೀತಿದ್ದರೆ ಉಳಿದವರು ಕೂತೇ ಇರಿ. ಎಂಜಿನ್‌ನ ಕಿಲ್ ಸ್ವಿಚ್ ಹಗ್ಗ ಓಡಿಸೋರ ಕೈಗೆ ಅಥವಾ ಜಾಕೆಟ್‌ಗೆ ಕಟ್ಟಿರಲಿ. ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತೆ, ಇಲ್ಲದಿದ್ದರೆ ದೋಣಿ ಓಡಿಹೋಗುತ್ತೆ, ಇಲ್ಲವೇ ತಿರುಗಿ ನಿಮ್ಮ ಮೇಲೇ ಬರುತ್ತೆ.

ಲಂಗರು ಹಾಕೋದು ಯಾವಾಗಲೂ ಮುಂಭಾಗದಿಂದ. ಹಿಂಭಾಗದಿಂದ ಹಾಕಿದರೆ ಎಂಜಿನ್ ಭಾರ, ಎದುರು ಸೆಳೆತ ಎರಡೂ ಸೇರಿ ಅಲ್ಲಿಂದಲೇ ನೀರು ನುಗ್ಗುತ್ತೆ. ಹಗ್ಗ ಆಳದ ಐದು ಪಟ್ಟಾದರೂ ಇರಲಿ. ಧಕ್ಕೆಯಿಂದ ಅಳಿವೆಗೆ ಹೋಗೋ ಬೋಟುಗಳ ದಾರಿಯಲ್ಲಿ, ಸುಲ್ತಾನ್ ಬತ್ತೇರಿಯ ಫೆರಿ ದಾಟೋ ಜಾಗದಲ್ಲಿ ಲಂಗರು ಹಾಕಲೇಬೇಡಿ. ಕತ್ತಲಲ್ಲಿ ಟ್ರಾಲ್ ಬೋಟಿನವರಿಗೆ ನಿಮ್ಮ ಕಯಾಕ್ ಕಾಣಲ್ಲ.

ದೋಣಿಯಲ್ಲಿ ಇರಲೇಬೇಕಾದ್ದು: ಹೆಚ್ಚುವರಿ ಹುಟ್ಟು, ನೀರು ಎತ್ತಿ ಹಾಕೋಕೆ ಅರ್ಧ ಕತ್ತರಿಸಿದ ಕ್ಯಾನ್, ಟಾರ್ಚ್, ಸೀಟಿ, ಕತ್ತಿ, ಕುಡಿಯೋ ನೀರು, ಪ್ಲಾಸ್ಟಿಕ್ ಪೌಚ್‌ನಲ್ಲಿ ಫೋನ್. ಸಮುದ್ರದಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ 1093. ಈಗಲೇ ಸೇವ್ ಮಾಡಿಕೊಳ್ಳಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ. ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ. ಕಿವಿವರೆಗೆ ಬಂದರೆ ಆ ಜಾಕೆಟ್ ನಿಮಗೆ ದೊಡ್ಡದು.

ಸಿಡಿಲು, ಮಳೆ, ಕಾಯ್ದೆ

ರಾಡ್‌ಗಳು ಹೆಚ್ಚಾಗಿ ಕಾರ್ಬನ್‌ನವು, ಅದರಲ್ಲಿ ವಿದ್ಯುತ್ ಹರಿಯುತ್ತೆ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಸಂಜೆ ಹೊತ್ತು ಸಿಡಿಲು ಜಾಸ್ತಿ. ಮಿಂಚು ಕಂಡ ಕ್ಷಣದಿಂದ ಗುಡುಗಿನವರೆಗೆ ಎಣಿಸಿ. 3 ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು 10 ಕಿಲೋಮೀಟರ್ ಒಳಗೆ ಉಂಟು ಅಂತ ಅರ್ಥ, ರಾಡ್ ಕೆಳಗಿಟ್ಟು ಕಟ್ಟಡದೊಳಗೆ ಸೇರಿ. ಕರೆಂಟ್ ತಂತಿಯ ಕೆಳಗೆ ರಾಡ್ ಬೀಸೋದು ಯಾವ ಕಾಲದಲ್ಲೂ ಬೇಡ. ಸಿಡಿಲಿಗೆ ದಾಮಿನಿ ಆ್ಯಪ್, ಅಲೆ ಮುನ್ಸೂಚನೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮಾಹಿತಿ ನೋಡಿ. ಇಲ್ಲಿ ಗಾಳಿಯೇ ಇಲ್ಲದ ದಿನವೂ ದೂರದ ಸಾಗರದ ಬಿರುಗಾಳಿಯ ಅಲೆ ಬಂದು ಅಪ್ಪಳಿಸೋದುಂಟು, ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅಂತಾರೆ. ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ನಿಲ್ಲೋರಿಗೆ ಅದೇ ದೊಡ್ಡ ಶತ್ರು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೂ 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಇರೋ ದೋಣಿಗಳಿಗೂ ಕರ್ನಾಟಕ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ. "ನನ್ನದು ಸಣ್ಣ ಎಂಜಿನ್" ಅಂತ ಹೊರಡಬೇಡಿ. ನೆರೆ ಬಂದ ನದಿಗೆ ಎಚ್‌ಪಿ ಲೆಕ್ಕ ಗೊತ್ತಿಲ್ಲ. ಮಳೆಗಾಲ ಮುಗಿಯೋವರೆಗೆ ಹೊಸಬರು ದೋಣಿ ಮುಟ್ಟಬೇಡಿ. ತುಂಬೆ ಅಣೆಕಟ್ಟಿನ ಕೆಳಗೆ ನಿಲ್ಲೋರೂ ಎಚ್ಚರ, ಗೇಟ್ ತೆರೆದರೆ ನೀರು ಒಮ್ಮೆಲೇ ಏರುತ್ತೆ. ಶಿಶಿಲದಂಥ ಮತ್ಸ್ಯತೀರ್ಥಗಳಲ್ಲಂತೂ ಗಾಳದ ಮಾತೇ ಎತ್ತಬಾರದು.

ಹವ್ಯಾಸ ಮತ್ತು ಹೊಟ್ಟೆಪಾಡು

ನಾವು ಭಾನುವಾರ ಮಾತ್ರ ಹೋಗೋ ನೀರು ಬೇರೆಯವರಿಗೆ ದಿನದ ಅನ್ನ. ಬಲೆ ಬಿಟ್ಟಿರೋ ಕಡೆ, ಮರುವಾಯಿ ಹೆಕ್ಕೋರ ಹತ್ತಿರ, ಪಂಜರ ಹಾಕಿ ಕುರುಡಿ ಸಾಕಿರೋ ಕಡೆ ಗಾಳ ಎಸೆಯಬೇಡಿ. ಬಲೆಗೆ ಸಿಕ್ಕಿಕೊಂಡ ಗಾಳ ತೆಗೆಯೋಕೆ ಬಲೆ ಕತ್ತರಿಸೋದು ಅಂದರೆ ಅವರ ಸಂಪಾದನೆಯನ್ನೇ ಕತ್ತರಿಸಿದ ಹಾಗೆ. ಅದರ ಬದಲು ದಡದಲ್ಲಿ ಒಂದು ನಮಸ್ಕಾರ ಹೇಳಿ, "ಅಣ್ಣಾ, ಇವತ್ತು ನೀರು ಹೇಗುಂಟು?" ಅಂತ ಕೇಳಿ. ಯಾವ ಆ್ಯಪ್‌ನಲ್ಲೂ ಸಿಗದ ಉತ್ತರ ಸಿಗುತ್ತೆ. ಅವರು "ಇವತ್ತು ಬೇಡ" ಅಂದರೆ ವಾದ ಮಾಡದೆ ವಾಪಸ್ ಬನ್ನಿ.

ಈಗ ಆ ತಾಯಿ ಮೀನಿನ ಮಾತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಪೂರ್ವ ಕರಾವಳಿಯಲ್ಲಿ 58 ಸೆಂಟಿಮೀಟರ್‌ಗಿಂತ ಚಿಕ್ಕದನ್ನೂ 120ಕ್ಕಿಂತ ದೊಡ್ಡದನ್ನೂ ವಾಪಸ್ ಬಿಡಬೇಕು ಅಂತ ನಿಯಮ ಉಂಟು. ಚಿಕ್ಕದು ಇನ್ನೂ ಬೆಳೆಯಬೇಕು, ದೊಡ್ಡದು ಮೊಟ್ಟೆ ಇಡಬೇಕು, ನಡುವಿನದ್ದು ಊಟಕ್ಕೆ. ಇದನ್ನು ನಮ್ಮದೇ ನಿಯಮ ಮಾಡಿಕೊಳ್ಳೋಕೆ ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ರಾಡ್ ಮೇಲೆ ಎರಡು ಕಡೆ ಬಣ್ಣದ ಟೇಪ್ ಸುತ್ತಿದರೆ ಅಳತೆಪಟ್ಟಿ ರೆಡಿ. ಬಿಡೋ ಮೀನನ್ನು ಒದ್ದೆ ಕೈಲಿ ಹಿಡಿದು, ಹೊಟ್ಟೆಗೆ ಆಧಾರ ಕೊಟ್ಟು, ಒಂದೇ ಫೋಟೋ ತೆಗೆದು, ನೀರಲ್ಲಿ ಹಿಡಿದುಕೊಳ್ಳಿ. ತಾನಾಗಿ ಬಾಲ ಬೀಸಿದ ಮೇಲೆ ಕೈ ಬಿಡಿ.

ಈ ವಾರಕ್ಕೆ ಇಷ್ಟು ಕೆಲಸ: ಕ್ಯಾಲೆಂಡರ್‌ನಲ್ಲಿ ಮುಂದಿನ ಅಷ್ಟಮಿ ಯಾವತ್ತು ನೋಡಿ, ಅದರ ಹತ್ತಿರದ ಭಾನುವಾರ ಗುರುತು ಹಾಕಿ, ಬೆಳಿಗ್ಗೆ ನೀರು ಏರುತ್ತಾ ಇಳಿಯುತ್ತಾ ತಿಳಿದುಕೊಳ್ಳಿ. ಎಲ್ಲಿಗೆ ಹೋಗ್ತೀರಿ, ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೊರಡಿ. ಪ್ರಶ್ನೆಗಳಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮತ್ತೆ ಸಿಗೋಣ.