ಹಳೆಯ ಗಣಕಯಂತ್ರ, ಹೊಸ ಆಟಗಳು

ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಮೇಜಿನ ಗಣಕಯಂತ್ರವು ಪತ್ರ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಇಂದಿಗೂ ಸಮರ್ಥವಾಗಿಯೇ ಇರುವುದು. ಆದರೆ ಈಚಿನ ಆಟವೊಂದನ್ನು ಅದರಲ್ಲಿ ತೆರೆದೊಡನೆ ಅದರ ಮುಪ್ಪು ಬಯಲಾಗುವುದು. ಓಡುವ ಕಾರು ಕುಂಟುತ್ತದೆ. ಗುಂಡಿಯನ್ನೊತ್ತಿ ಎಷ್ಟೋ ಹೊತ್ತಾದ ಮೇಲೆ ಆಟದ ವೀರನು ಹಾರುತ್ತಾನೆ. ಆಗ ವಿದ್ಯಾರ್ಥಿಯು ಮನೆಯಲ್ಲಿ ಹಣ ಕೇಳುವನು, ಅಂಗಡಿಯವನು ತನ್ನಲ್ಲಿರುವುದನ್ನು ಮಾರುವನು. ಹಣ ಕಳೆದ ಮೇಲೂ ಯಂತ್ರವು ಮೊದಲಿನಂತೆಯೇ ಕುಂಟುವುದುಂಟು. ಹೀಗೇಕೆ ಆಗುವುದು, ಯಾವ ಭಾಗವನ್ನು ಬದಲಿಸಿದರೆ ಫಲವುಂಟು ಎಂಬುದನ್ನು ಇಲ್ಲಿ ಭೌತಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸೋಣ.

ವಿಷಯವು ಸ್ಪಷ್ಟವಾಗಲೆಂದು ಒಂದು ನಿರ್ದಿಷ್ಟ ಯಂತ್ರವನ್ನು ಎದುರಿಗಿಟ್ಟುಕೊಳ್ಳೋಣ. 2013ರಲ್ಲಿ ಹೊರಬಂದ ಇಂಟೆಲ್ ಕೋರ್ ಐ5-4570 ಎಂಬ ಪ್ರೊಸೆಸರ್, 4 ಗಿಗಾಬೈಟಿನ ಒಂದೇ ಒಂದು ಡಿಡಿಆರ್3 ರ‍್ಯಾಮ್ ಪಟ್ಟಿ, ತಿರುಗುವ ಹಾರ್ಡ್ ಡಿಸ್ಕ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಚೇರಿಗಳು ಕೈಬಿಟ್ಟ ಇಂತಹ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಅಗ್ಗವಾಗಿ ದೊರೆಯುವುವು.

ಈ ಪ್ರೊಸೆಸರನ್ನು ಹಳತೆಂದು ಒಮ್ಮೆಲೇ ತಿರಸ್ಕರಿಸಬೇಕಾದುದಿಲ್ಲ. 2004ರಲ್ಲಿಯೇ ಪೆಂಟಿಯಮ್ 4 ಪ್ರೊಸೆಸರು 3.8 ಗಿಗಾಹರ್ಟ್ಸ್ ವೇಗವನ್ನು ಮುಟ್ಟಿತ್ತು; ನಮ್ಮ ಐ5ರ ವೇಗವಾದರೋ 3.2, ಹೆಚ್ಚೆಂದರೆ 3.6. ಒಂಬತ್ತು ವರ್ಷಗಳಲ್ಲಿ ಮಿಡಿತದ ವೇಗವು ಏರಲೇ ಇಲ್ಲ! ಕಾರಣವು ಉಷ್ಣ. ಚಿಪ್ಪೊಂದು ಬಳಸುವ ವಿದ್ಯುತ್ತು ಮಿಡಿತದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿ ಏರುವುದು. ವೋಲ್ಟೇಜನ್ನು ಇನ್ನಷ್ಟು ಇಳಿಸಲು ಸಾಧ್ಯವಾಗದ ಹಂತ ಬಂದಾಗ ತಯಾರಕರು ವೇಗವನ್ನು ಬಿಟ್ಟು, ಪ್ರತಿ ಮಿಡಿತದಲ್ಲಿ ನಡೆಯುವ ಕೆಲಸವನ್ನೂ ಕೋರುಗಳ ಸಂಖ್ಯೆಯನ್ನೂ ಹೆಚ್ಚಿಸತೊಡಗಿದರು. ಹಳೆಯ ಯಂತ್ರಗಳು ಇಷ್ಟು ದೀರ್ಘಾಯುಗಳಾಗಿರುವುದರ ಗುಟ್ಟು ಬಹುಮಟ್ಟಿಗೆ ಇದೇ.

ಹಾಗಾದರೆ ಆಟವೇಕೆ ಕುಂಟುವುದು? ಪರದೆಯ ಚಲನೆಯು ಸಿನಿಮಾದಂತೆಯೇ ನಿಶ್ಚಲ ಚಿತ್ರಗಳ ಸಾಲು. ಆದರೆ ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುವುವು; ಆಟದ ಚಿತ್ರಗಳಾದರೋ ಆಡುತ್ತಿರುವಂತೆಯೇ ಹುಟ್ಟಬೇಕು. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದೊಂದಕ್ಕೂ ದೊರೆಯುವ ಕಾಲ 16.7 ಮಿಲಿಸೆಕೆಂಡು ಮಾತ್ರ. ಇದರಲ್ಲಿ ಇಬ್ಬರ ಕೆಲಸವಿದೆ. ಕಾರು ಎಲ್ಲಿದೆ, ಯಾವುದಕ್ಕೆ ತಾಗಿತು, ಏನೇನನ್ನು ಚಿತ್ರಿಸಬೇಕು ಎಂಬ ಪಟ್ಟಿಯನ್ನು ಪ್ರೊಸೆಸರ್ ಸಿದ್ಧಮಾಡುವುದು. ಆ ಪಟ್ಟಿಯಂತೆ ಪ್ರತಿಯೊಂದು ಬಿಂದುವಿನ ಬಣ್ಣವನ್ನು ಗ್ರಾಫಿಕ್ಸ್ ಚಿಪ್ಪು ಲೆಕ್ಕಹಾಕುವುದು. ಮದುವೆಮನೆಯಲ್ಲಿ ಒಬ್ಬರು ಹೋಳಿಗೆ ತಟ್ಟಿ ಕೊಡುತ್ತಿರುವಾಗ ಇನ್ನೊಬ್ಬರು ಹೆಂಚಿನ ಮೇಲೆ ಬೇಯಿಸುತ್ತಿರುವಂತೆ, ಇಬ್ಬರೂ ಏಕಕಾಲದಲ್ಲಿ ದುಡಿಯುವರು. ತಟ್ಟುವವರು ನಿಧಾನವಾದರೆ ಹೆಂಚನ್ನು ದೊಡ್ಡದುಮಾಡಿ ಫಲವಿಲ್ಲ. ಹೆಂಚು ಚಿಕ್ಕದಾದರೆ ತಟ್ಟುವವರಿಗೆ ಅವಸರ ಹೇಳಿ ಫಲವಿಲ್ಲ. ಒಂದು ಆಟದಲ್ಲಿ ಪ್ರೊಸೆಸರಿಗೆ 12, ಗ್ರಾಫಿಕ್ಸ್ ಚಿಪ್ಪಿಗೆ 40 ಮಿಲಿಸೆಕೆಂಡು ಬೇಕೆಂದಿಟ್ಟುಕೊಳ್ಳೋಣ. ಆಗ ಸೆಕೆಂಡಿಗೆ 25 ಚಿತ್ರಗಳು ಬರುವುವು. ಹಣ ಸುರಿದು ಎರಡರಷ್ಟು ವೇಗದ ಪ್ರೊಸೆಸರನ್ನು ತಂದರೂ ಬರುವುದು ಅದೇ 25.

ಈ ಇಬ್ಬರಲ್ಲಿ ಹಿಂದುಳಿದವರು ಯಾರೆಂಬುದನ್ನು ಕಂಡುಹಿಡಿಯಲು ಹಣ ಬೇಡ. ಮೊದಲು ಆಟದ ಆಯ್ಕೆಗಳಲ್ಲಿ ವಿ-ಸಿಂಕ್ ಎಂಬುದನ್ನು ಆರಿಸಬೇಕು. ಇಲ್ಲವಾದರೆ ಅದು ಚಿತ್ರಗಳ ಸಂಖ್ಯೆಯನ್ನು ಪರದೆಯ ವೇಗಕ್ಕೆ ಕಟ್ಟಿಹಾಕಿ ನಮ್ಮನ್ನು ದಾರಿತಪ್ಪಿಸುವುದು. ಅನಂತರ ಒಂದೇ ದೃಶ್ಯವನ್ನು 1920 × 1080 ಬಿಂದುಗಳಲ್ಲಿಯೂ 1280 × 720 ಬಿಂದುಗಳಲ್ಲಿಯೂ ಓಡಿಸಿ ನೋಡಬೇಕು. ಬಿಂದುಗಳ ಸಂಖ್ಯೆಯು 20,73,600ರಿಂದ 9,21,600ಕ್ಕೆ, ಎಂದರೆ ಅರ್ಧಕ್ಕಿಂತಲೂ ಕೆಳಕ್ಕೆ ಇಳಿಯುವುದು. ಇದರಿಂದ ಗ್ರಾಫಿಕ್ಸ್ ಚಿಪ್ಪಿನ ಹೊರೆ ತಗ್ಗುವುದೇ ಹೊರತು ಪ್ರೊಸೆಸರಿನ ಹೊರೆ ಹೆಚ್ಚುಕಡಮೆ ಅಷ್ಟೇ ಉಳಿಯುವುದು. ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ತೊಡಕು ಗ್ರಾಫಿಕ್ಸಿನದು, ಕದಲದಿದ್ದರೆ ಪ್ರೊಸೆಸರಿನದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಸ್ಥಿರವಾಗಿಡುತ್ತೇವಲ್ಲವೆ? ಇದೂ ಅದೇ.

ಪರೀಕ್ಷೆಯ ಮುನ್ನ ಯಂತ್ರದ ಧೂಳು ತೆಗೆಯುವುದೂ ಅವಶ್ಯಕ. ಇಲ್ಲಿ ಓಮನ ನಿಯಮವನ್ನೇ ಹೋಲುವ ಒಂದು ನಿಯಮವಿದೆ: ಚಿಪ್ಪಿನ ಉಷ್ಣತೆಯ ಏರಿಕೆಯು, ಅದು ಬಳಸುವ ವ್ಯಾಟುಗಳನ್ನು ಉಷ್ಣರೋಧದಿಂದ ಗುಣಿಸಿದಷ್ಟು. ನಮ್ಮ ಪ್ರೊಸೆಸರಿಗೆ ಗೊತ್ತುಮಾಡಿರುವ ಉಷ್ಣಮಿತಿ 84 ವ್ಯಾಟ್. ಉಷ್ಣರೋಧವು ವ್ಯಾಟಿಗೆ 0.6 ಡಿಗ್ರಿ ಇದ್ದರೆ ಏರಿಕೆ ಸುಮಾರು 50 ಡಿಗ್ರಿ. ಕೊಠಡಿ 28 ಡಿಗ್ರಿ ಇರುವಾಗ ಚಿಪ್ಪು 78ರಲ್ಲಿ ಸುಖವಾಗಿರುವುದು. ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಅದು 90ಕ್ಕೇರುವುದು. ಧೂಳು ಕಟ್ಟಿಯೋ ಥರ್ಮಲ್ ಪೇಸ್ಟ್ ಒಣಗಿಯೋ ರೋಧವು 0.8 ಆಯಿತೆನ್ನಿ, ಲೆಕ್ಕವು 100ನ್ನು ದಾಟಿಬಿಡುವುದು. ಅಷ್ಟರೊಳಗೆ ಪ್ರೊಸೆಸರು ತಾನಾಗಿಯೇ ವೇಗವನ್ನು ಕುಗ್ಗಿಸಿ ಪ್ರಾಣ ಉಳಿಸಿಕೊಳ್ಳುವುದು. ನಮ್ಮ ಕಣ್ಣಿಗೆ ಆಟ ಕುಂಟಿದಂತೆ ಕಾಣುವುದು. ತಾಮ್ರದ ಉಷ್ಣವಾಹಕತೆಯು ಗಾಳಿಯದಕ್ಕಿಂತ ಸುಮಾರು 15,000 ಮಡಿ ಹೆಚ್ಚು. ಆದುದರಿಂದಲೇ ಚಿಪ್ಪಿಗೂ ಹೀಟ್ ಸಿಂಕಿಗೂ ನಡುವೆ ಉಳಿದ ಕೂದಲೆಳೆಯಷ್ಟು ಗಾಳಿಯೂ ದೊಡ್ಡ ಅಡ್ಡಿ. ಅದನ್ನು ಹೊರದೂಡುವುದೇ ಪೇಸ್ಟಿನ ಕೆಲಸ. ವಿದ್ಯುತ್ ಸಂಪರ್ಕವನ್ನು ಕಿತ್ತು, ಹಳೆಯ ಪೇಸ್ಟನ್ನು ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಬೇಕು. ದಪ್ಪವಾಗಿ ಬಳಿದರೆ ಲಾಭವಿಲ್ಲ.

ಇನ್ನು ಖರ್ಚಿನ ಮಾತಿಗೆ ಬರೋಣ. ಪ್ರತ್ಯೇಕ ಕಾರ್ಡಿಲ್ಲದ ನಮ್ಮ ಯಂತ್ರದಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗವು ಸಾಮಾನ್ಯ ರ‍್ಯಾಮನ್ನೇ ಹಂಚಿಕೊಂಡು ಬದುಕಬೇಕು. ಡಿಡಿಆರ್3-1600 ಪಟ್ಟಿಯೊಂದು ಸೆಕೆಂಡಿಗೆ 160 ಕೋಟಿ ಬಾರಿ 8 ಬೈಟುಗಳಂತೆ, ಒಟ್ಟು 12.8 ಗಿಗಾಬೈಟುಗಳನ್ನು ಸಾಗಿಸಬಲ್ಲುದು. ಅದೇ ಬಗೆಯ ಎರಡನೆಯ ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಕೂಡಿಸಿದರೆ ಎರಡು ಕಾಲುವೆಗಳು ತೆರೆದು 25.6 ಆಗುವುದು. ಎರಡು 8 ಗಿಗಾಬೈಟಿನ ಪಟ್ಟಿಗಳು, ಒಟ್ಟು 16, ಇದ್ದರೆ ಉತ್ತಮ. ಆದರೆ 2019ರಲ್ಲಿ ಬಂದ ಜಿಟಿಎಕ್ಸ್ 1650 ಎಂಬ ಸಾಧಾರಣ ಕಾರ್ಡಿನ ಸ್ವಂತ ಸ್ಮೃತಿಯ ವೇಗ ಸೆಕೆಂಡಿಗೆ 128 ಗಿಗಾಬೈಟು, ಎಂದರೆ ಎರಡು ಪಟ್ಟಿಗಳ ಐದರಷ್ಟು! ಇಂತಹ ಯಂತ್ರದಲ್ಲಿ ಆಟದ ಮುಖಚರ್ಯೆಯನ್ನೇ ಬದಲಿಸುವುದು ಗ್ರಾಫಿಕ್ಸ್ ಕಾರ್ಡೇ ಎಂಬುದು ಇದರಿಂದ ಸ್ಪಷ್ಟವಾಗುವುದು.

ಯಾವ ಕಾರ್ಡು ಎಂಬಲ್ಲಿ ಮಾತ್ರ ಎಚ್ಚರ ಬೇಕು. ಇಲ್ಲಿ ಹೋಗುವುದು ಹಣವೊಂದೇ ಅಲ್ಲ. ಮದರ್‌ಬೋರ್ಡಿನ ತೋಡು ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುವಂತೆ ಗೊತ್ತುಮಾಡಲಾಗಿದೆ. ಜಿಟಿಎಕ್ಸ್ 1650ರ ಅನೇಕ ಮಾದರಿಗಳು ಅಷ್ಟರಲ್ಲಿಯೇ ತೃಪ್ತಿಪಡುವುವು. 2021ರ ಆರ್‌ಟಿಎಕ್ಸ್ 3060 ಕಾರ್ಡಾದರೋ 170 ವ್ಯಾಟ್ ಬೇಡುವುದು; 12 ವೋಲ್ಟಿನಲ್ಲಿ ಇದು 14 ಆಂಪಿಯರಿಗೂ ಮಿಗಿಲು. ಅದಕ್ಕೆ ಪವರ್ ಸಪ್ಲೈಯಿಂದ ಬೇರೆ ತಂತಿ ಬೇಕು. ಕಚೇರಿಯ ಯಂತ್ರಗಳ ಸಪ್ಲೈಗಳಲ್ಲಿ ಅಂತಹ ತಂತಿ ಅನೇಕ ವೇಳೆ ಇರುವುದೇ ಇಲ್ಲ. ಆಗ ಅಂಗಡಿಯವನು ಒಂದು ಅಗ್ಗದ ಕನ್ವರ್ಟರ್ ತಂತಿಯನ್ನು ಕೈಗಿಡುವುದುಂಟು. ಅದರ ಒಂದು ತುದಿಯು ಡಿಸ್ಕಿಗೆಂದು ಮಾಡಿದ ಸಾಟಾ ಸಂಪರ್ಕಕ್ಕೆ ಸೇರುವುದು. ಆ ಸಂಪರ್ಕದ 12 ವೋಲ್ಟಿನ ಮೂರು ಮುಳ್ಳುಗಳು ತಲಾ 1.5 ಆಂಪಿಯರಿನಂತೆ ತಾಳುವುದು 54 ವ್ಯಾಟ್. ಇನ್ನೊಂದು ತುದಿಯ ಆರು ಮುಳ್ಳಿನ ಸಂಪರ್ಕವು ಬೇಡಬಹುದಾದುದು 75. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗದಂತೆ ಏರುವುದೆಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಯೂ ಬಲ್ಲನು. ಪ್ಲಾಸ್ಟಿಕ್ ಕರಗುವುದು ಹೀಗೆಯೇ. ಈ ಕನ್ವರ್ಟರನ್ನು ಬಳಸಲೇಬಾರದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ದೊಡ್ಡ ಕಾರ್ಡು ಬೇಕಾದರೆ ಮೊದಲು ಒಳ್ಳೆಯ ಸಪ್ಲೈ ಬರಲಿ. ಅದು ಹಳೆಯ ಬೋರ್ಡಿಗೆ ಹೊಂದುವುದೆ, ಕಾರ್ಡು ಪೆಟ್ಟಿಗೆಯಲ್ಲಿ ಹಿಡಿಸುವುದೆ ಎಂದು ಅಳತೆಪಟ್ಟಿ ಹಿಡಿದೇ ನೋಡಬೇಕು. ತೆಳು ಪೆಟ್ಟಿಗೆಗಳಲ್ಲಿ ಗಿಡ್ಡ ಕಾರ್ಡುಗಳಿಗಷ್ಟೇ ಜಾಗ.

ಹೊಸದೆಲ್ಲವೂ ಹಳೆಯ ತೋಡಿಗೆ ಒಗ್ಗುವುದಿಲ್ಲ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಇರುವುವು ನಾಲ್ಕೇ ಸಂಪರ್ಕದಾರಿಗಳು. ಹೊಸ ಬೋರ್ಡಿನಲ್ಲಿ ಅವು ಸಾಕಾಗಬಹುದು. ನಮ್ಮ ಐ5 ಕುಳಿತಿರುವ ಅಗ್ಗದ ಎಚ್81 ಬೋರ್ಡಿನ ಎರಡನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ತೋಡಿನಲ್ಲಿ ಸೆಕೆಂಡಿಗೆ ಸುಮಾರು 2 ಗಿಗಾಬೈಟಿಗೆ ಇಳಿಯುವುವು. ಹದಿನಾರು ದಾರಿಗಳ 1650ಕ್ಕೆ ಅಲ್ಲಿಯೂ 8 ದೊರೆಯುವುದು.

ಹಾರ್ಡ್ ಡಿಸ್ಕಿನ ವಿಷಯ ಬೇರೆ ಬಗೆಯದು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಅಕ್ಷರವು ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸೂಜಿಯು ಚಲಿಸಲು ಮತ್ತೆ ಕೆಲವು ಮಿಲಿಸೆಕೆಂಡು. ಚಿತ್ರವೊಂದಕ್ಕೆ ಇರುವ 16.7 ಮಿಲಿಸೆಕೆಂಡಿನ ಬಹುಭಾಗವು ಒಂದೇ ಓದಿನಲ್ಲಿ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲವಾದುದರಿಂದ ಈ ಕೆಲಸವು ಸುಮಾರು 0.1 ಮಿಲಿಸೆಕೆಂಡಿನಲ್ಲಿ ಆಗುವುದು. ಇದರಿಂದ ಸರಾಸರಿ ಚಿತ್ರಸಂಖ್ಯೆ ಹೆಚ್ಚದು. ಹೆಚ್ಚುವುದೆಂದು ಹೇಳಿ ಮಾರುವವರನ್ನು ನಂಬಬೇಡಿ. ಆದರೆ ಆಟ ಬೇಗ ತೆರೆಯುವುದು, ನಡುನಡುವಿನ ಜಗ್ಗು ತಗ್ಗುವುದು. 10 ಮಿಲಿಸೆಕೆಂಡಿನ 50 ಚಿತ್ರಗಳ ಮಧ್ಯೆ ಅರ್ಧ ಸೆಕೆಂಡಿನ ಒಂದು ಚಿತ್ರ ಬಂದರೆ ಸರಾಸರಿಯು 51 ಎಂದು ಚೆನ್ನಾಗಿಯೇ ಕಾಣುವುದು. ಕಣ್ಣು ಮಾತ್ರ ಒಪ್ಪದು.

ಇಷ್ಟಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರೆ ಈ ಸಲ ಪ್ರೊಸೆಸರೇ ಹಿಂದುಳಿದಿರಬಹುದು. ನಾಲ್ಕು ಕೋರು, ನಾಲ್ಕೇ ಎಳೆಗಳ ಐ5ರ ಜಾಗಕ್ಕೆ ಅದೇ ಸಾಕೆಟ್ಟಿನ ಐ7-4790, ಎಂದರೆ ಎಂಟು ಎಳೆಗಳದು, ಹಳೆಯ ಸಾಮಾನಿನ ಅಂಗಡಿಯಲ್ಲಿ ಕಡಮೆ ಬೆಲೆಗೆ ಸಿಕ್ಕಿದರೆ ಹಾಕಬಹುದು. ಬೋರ್ಡಿನ ಬಯಾಸ್ ಅದನ್ನು ಒಪ್ಪುವುದೇ ಎಂದು ಮೊದಲು ನೋಡಬೇಕು. ಅದಕ್ಕೂ ಮುಂದೆ ಹೋಗಬೇಕೆಂದರೆ ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರೂ ಒಟ್ಟಿಗೆ ಬದಲಾಗಬೇಕು. ಆಗ ಅದು ದುರಸ್ತಿಯಲ್ಲ, ಹೊಸ ಯಂತ್ರ. ಮೇಜಿನ ಮೇಲಿನ ಪರದೆಯು 60 ಹರ್ಟ್ಸಿನದಾದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳನ್ನು ಅದು ಹೇಗೂ ತೋರಿಸಲಾರದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾರ್ಡ್‌ವೇರಿನಿಂದ ಬಗೆಹರಿಯದ ತೊಡಕೂ ಒಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ನಮ್ಮ ಐ5ಗೆ ಸ್ಥಾನವಿಲ್ಲ. ಲಿನಕ್ಸಿನಲ್ಲಿ ಪ್ರೋಟಾನ್ ಎಂಬ ಸಾಧನದ ಮೂಲಕ ಅನೇಕ ವಿಂಡೋಸ್ ಆಟಗಳು ಓಡುವುವಾದರೂ, ವಂಚನೆ ತಡೆಯುವ ತಂತ್ರಾಂಶವುಳ್ಳ ಕೆಲವು ಜಾಲದ ಆಟಗಳು ಅಲ್ಲಿ ತೆರೆಯುವುದಿಲ್ಲ. ಕಾರ್ಡಿಗೆ ಹಣ ಕೊಡುವ ಮೊದಲು ತಾನು ಆಡಬೇಕೆಂದಿರುವ ಆಟವು ಏನನ್ನು ಬೇಡುವುದೆಂದು ಅದರ ತಯಾರಕರ ಪುಟದಲ್ಲಿ ಓದಿಕೊಳ್ಳಲು ಐದು ನಿಮಿಷ ಸಾಕು.